ಗುಡ್ಡದ ಮೇಲೊಬ್ಬ ಅತಿಥಿ

ಯಾವ ದೇಶಕ್ಕೆ ಹೋದರೆ ಒಳ್ಳೆಯದು ಎಂದು ಕೇಳದ ಅತಿಥಿಯನ್ನು ನಾನು ಇನ್ನೂ ನೋಡಿಲ್ಲ. ಉಗಾಂಡದ ಕಿಸೊರೋ ಪೇಟೆಯಲ್ಲಿ ನಮ್ಮದು ಎಂಟು ಕೋಣೆಗಳ ವಸತಿಗೃಹ. ಗಂಡ ಸೆಬಿಕಾರಿ ಅತಿಥಿಗಳನ್ನು ಗಾಡಿಯಲ್ಲಿ ಕಾಡಿನ ಅಂಚಿನವರೆಗೆ ಕರೆದೊಯ್ಯುತ್ತಾನೆ, ನಾನು ಅವರ ಪತ್ರಗಳಿಗೆ ಉತ್ತರ ಬರೆಯುತ್ತೇನೆ. ಗೊರಿಲ್ಲಾ ನೋಡಬೇಕು, ಉಗಾಂಡವೋ ರುವಾಂಡವೋ ಕಾಂಗೋವೋ ನೀವೇ ಹೇಳಿ ಪೆರಾಜಿಯಾ ಅನ್ನುತ್ತಾರೆ, ಅಂಗಡಿಯಲ್ಲಿ ಬಟ್ಟೆ ಆರಿಸುವವರ ಹಾಗೆ. ಬೆಟ್ಟಸಾಲು ಒಂದೇ, ಕಾಡು ಒಂದೇ. ಯಾವ ಕಡೆ ಬಿದಿರು ಚಿಗುರಿದೆಯೋ ಅದೇ ಗೊರಿಲ್ಲಾಗಳ ದೇಶ. ಆದರೂ ನಾನು ಬೇಸರಿಸದೆ ಬರೆಯುತ್ತೇನೆ. ರುವಾಂಡದಲ್ಲಿ ರಸ್ತೆ ಚೆಂದ, ದರ ನಮಗಿಂತ ಎರಡು ಪಟ್ಟು. ನಮ್ಮ ಕಡೆ ದರ ಪರವಾಗಿಲ್ಲ, ಏರು ಜಾಸ್ತಿ. ಕಾಂಗೋದಲ್ಲಿ ನಮ್ಮದರ ಅರ್ಧ ದರ. ಕಾಂಗೋದ ಬಗ್ಗೆ ಬರೆಯುವಾಗ ಮಾತ್ರ ಕೊನೆಗೆ ಒಂದು ಸಾಲು ಹೆಚ್ಚು ಸೇರಿಸುತ್ತೇನೆ. ಆ ಸಾಲು ವಾರವಾರಕ್ಕೆ ಬದಲಾಗುತ್ತದೆ.

ಲೀವೆ ಎಂಬ ಬೆಲ್ಜಿಯಂ ಹೆಂಗಸು ಪತ್ರದಲ್ಲಿ ತೀರ್ಮಾನಿಸಲಾಗದೆ ನೇರ ಬಂದೇಬಿಟ್ಟಳು. ಅರವತ್ತಾರು ವರ್ಷ, ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು, ಎಡಮಂಡಿ ಸರಿಯಿಲ್ಲ. ಎರಡು ದಿನ ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕುಳಿತಳು. ರುವಾಂಡದ ದರ ಆಕೆಯ ಕೈಗೆ ಎಟುಕದು. ನಮ್ಮ ಕಡೆಯ ಗೊರಿಲ್ಲಾ ಕುಟುಂಬ ಆ ತಿಂಗಳು ಎಲ್ಲೋ ಎತ್ತರದ ಬಿದಿರುಮೆಳೆ ಸೇರಿಕೊಂಡಿತ್ತು, ಹೋಗಿ ಬರಲು ಎಂಟು ಗಂಟೆ, ಆ ಮಂಡಿಗೆ ಆಗುವ ಮಾತಲ್ಲ. ಕಾಂಗೋದಲ್ಲಿ ಕಬಿಂಡಿ ಗುಡ್ಡದ ಮೇಲಿನ ಕುಟುಂಬವಾದರೋ ಕಾಡಿನ ಅಂಚಿನಲ್ಲೇ ಇತ್ತು, ಒಂದೂವರೆ ಗಂಟೆಯ ನಡಿಗೆ. ಉಳಿದದ್ದು ಒಂದೇ ಪ್ರಶ್ನೆ.

"ಸರ್ಕಾರದವರು ಏನು ಬರೆದಿದ್ದಾರೋ ಎಲ್ಲ ಓದಿದೀನಿ. ಅದು ಬೇಡ. ಅಲ್ಲಿ ಶಾಂತವಾಗಿದೆಯಾ? ನೀವು ಏನು ಹೇಳ್ತೀರೋ ಅದನ್ನೇ ಮಾಡ್ತೀನಿ," ಅಂದಳು.

ನಾಳೆ ಹೇಳುತ್ತೇನೆ, ನಾಳೆ ಗುರುವಾರ, ಅಂದೆ.

ಗಡಿಯ ಅಂಚಿನಲ್ಲಿ ಹುಟ್ಟಿ ಬೆಳೆದ ನಮಗೆ ಇದಕ್ಕೆ ರೇಡಿಯೊ ಬೇಡ. ಗುರುವಾರ ಬುನಗಾನಾ ಸಂತೆಗೆ ಆಚೆಯ ಹೆಂಗಸರು ತಲೆಯ ಮೇಲೆ ಏನು ಹೊತ್ತು ಬರುತ್ತಾರೆ ಎಂದು ನೋಡಿದರೆ ಸಾಕು. ಆಲೂಗಡ್ಡೆ, ಕಾಳು, ಇದ್ದಿಲು ಇದ್ದರೆ ಶಾಂತಿ. ಹಾಸಿಗೆ ಇದ್ದರೆ ಯುದ್ಧ. ನನ್ನ ಅಮ್ಮ ಹೀಗೆ ನೋಡಿಯೇ ಮೂರು ಸಲ ನಮ್ಮನ್ನೆಲ್ಲ ಎಬ್ಬಿಸಿಕೊಂಡು ಹೋಗಿದ್ದಳು, ಮೂರು ಸಲವೂ ಅವಳ ಅಂದಾಜು ತಪ್ಪಲಿಲ್ಲ. ಆ ಗುರುವಾರ ನಾನು ಬೆಳಗ್ಗೆಯೇ ಹೋಗಿ ಗಡಿಯ ಕಟ್ಟೆಯ ಹತ್ತಿರ ನಿಂತೆ. ಒಂದೇ ಒಂದು ಹಾಸಿಗೆಯೂ ಕಾಣಲಿಲ್ಲ. ಇದ್ದಿಲು ಬಂತು, ಕಾಳು ಬಂತು. ಮತ್ತೆ ಆಡುಗಳು ಬಂದವು. ಅಷ್ಟು ಆಡುಗಳನ್ನು ನಾನು ಆ ಸಂತೆಯಲ್ಲಿ ಯಾವತ್ತೂ ಕಂಡಿರಲಿಲ್ಲ. ಅರ್ಧ ಬೆಲೆಗೆ ಕೇಳಿದರೂ ತಗೋ ಅನ್ನುತ್ತಿದ್ದರು. ಕಂದು ಬಣ್ಣದ ದಪ್ಪ ಆಡೊಂದನ್ನು ನಾನೂ ಕೊಂಡೆ. ಚೌಕಾಸಿ ಮಾಡಿ ಗೆದ್ದೆನೆಂದು ಹಿಗ್ಗಿದೆ. ಆ ಹೆಂಗಸು ಚೌಕಾಸಿಯನ್ನೇ ಮಾಡಲಿಲ್ಲ ಎಂಬುದು ನನ್ನ ಮಂಡೆಗೆ ಹೊಳೆಯಲಿಲ್ಲ.

ಲೀವೆಯ ವಿಷಯ ಮೊದಲೇ ತಿಳಿಸಿದ್ದೆ, ಅದೇ ಸಂಜೆ ಅಕ್ಕ ಕನ್ಸೊಲಾತಾ ಫೋನ್ ಮಾಡಿದಳು. ಅವಳನ್ನು ಕೊಟ್ಟಿರುವುದು ಕಬಿಂಡಿ ಗುಡ್ಡಕ್ಕೇ. ಗಂಡ ತೀರಿಕೊಂಡ ಮೇಲೆ ಅತಿಥಿಗಳ ಚೀಲ ಹೊತ್ತು, ಅವರಿಗೆ ಅಡುಗೆ ಮಾಡಿ ಹಾಕಿ ಇಬ್ಬರು ಹೆಣ್ಣುಮಕ್ಕಳನ್ನೂ ಅತ್ತೆಯನ್ನೂ ಸಾಕುತ್ತಾಳೆ. ಇಲ್ಲೆಲ್ಲ ಶಾಂತವಾಗಿದೆ, ನಿನ್ನ ಅತಿಥಿಯನ್ನು ಕಳಿಸು, ಆದರೆ ಎರಡು ದಿನವಾದರೂ ಉಳಿಯಲಿ, ಒಂದೇ ದಿನದಲ್ಲಿ ಬಂದು ಓಡುವವರು ಏನು ನೋಡುತ್ತಾರೆ ಅಂದಳು. ಪಾಪ, ಅಕ್ಕನಿಗೂ ಎರಡು ದಿನದ ಕೆಲಸವಾಯಿತಲ್ಲ ಎಂದು ನನಗೆ ಸಂತೋಷವೇ ಆಯಿತು. ಶಾಂತವಾಗಿದೆ ಎಂದು ಲೀವೆಗೆ ಹೇಳಿದೆ. ಆಕೆ ನಕ್ಷೆ ಮಡಿಚಿ, ಹಾಗಾದರೆ ಕಾಂಗೋ, ಅಂದಳು.

ಶನಿವಾರ ಬೆಳಕು ಹರಿಯುವ ಮುಂಚೆ ಸೆಬಿಕಾರಿ ಗಾಡಿ ಹೊರಡಿಸಿದ. ಎರಡು ದಿನ ನಾನಿಲ್ಲ ಅಂತ ಅಳಬೇಡ, ಅಳೋದಾದರೆ ಆ ಆಡಿನ ಕುತ್ತಿಗೆ ತಬ್ಬಿಕೊಂಡು ಅಳು ಎಂದು ನನ್ನನ್ನು ಛೇಡಿಸಿದ. ಬಾಯಿ ಮುಚ್ಚಿಕೊಂಡು ಹೋಗು ಅಂದೆ. ಹೋದರು.

ಎಂಟು ಗಂಟೆಗೆ ಹಿತ್ತಿಲಿಗೆ ಹೋದಾಗ ಆಡು ಮಲಗಿಕೊಂಡು ನರಳುತ್ತಿತ್ತು. ನೋಡನೋಡುತ್ತಿದ್ದಂತೆ ಮರಿ ಹಾಕಿತು. ಒಂದಲ್ಲ, ಎರಡು. ಅವುಗಳ ಮೈ ಒರೆಸುತ್ತ ನಾನು ಒಂದು ಗಳಿಗೆ ನಗುತ್ತಲೇ ಇದ್ದೆ. ಆಮೇಲೆ ಕೈ ನಿಂತುಹೋಯಿತು. ಎರಡು ದಿನದಲ್ಲಿ ಮರಿ ಹಾಕುವ ಆಡನ್ನು ಯಾವ ಹೆಂಗಸು ಅರ್ಧ ಬೆಲೆಗೆ ಮಾರುತ್ತಾಳೆ? ಆ ಹೊಟ್ಟೆ ನೋಡಿದರೆ ಕುರುಡನಿಗೂ ತಿಳಿಯುವಂತಿತ್ತು. ಸಂತೆಯಲ್ಲಿದ್ದ ಬೇರೆ ಆಡುಗಳು ನೆನಪಾದವು. ಹಾಲು ಕೊಡುವವು, ಗಬ್ಬದವು, ಎಳೆಯವು. ಯಾರೂ ಹೆಚ್ಚಿನ ಆಡನ್ನು ಮಾರುತ್ತಿರಲಿಲ್ಲ, ಎಲ್ಲರೂ ಇದ್ದಬದ್ದ ಆಡುಗಳನ್ನೆಲ್ಲ ಮಾರುತ್ತಿದ್ದರು. ಹಾಸಿಗೆ ಬರುವುದು ಓಡುವ ದಿನ. ಆಡು ಬರುವುದು ಅದಕ್ಕೆ ಮುಂಚೆ.

ಸೆಬಿಕಾರಿಯ ಫೋನ್ ಸಿಗಲಿಲ್ಲ, ನಮ್ಮ ಕಡೆಯ ಸಿಮ್ಮು ಆ ಗುಡ್ಡದಲ್ಲಿ ಯಾವತ್ತೂ ಸಿಗುವುದಿಲ್ಲ. ಅಕ್ಕನ ಫೋನ್ ರಿಂಗಾಯಿತು, ಅವಳು ಎತ್ತಲಿಲ್ಲ. ಮೂರನೆಯ ಸಲ ಮಾಡಿದಾಗ ಅದೂ ಬಂದ್ ಆಗಿತ್ತು. ಕೈಯ ರಕ್ತವನ್ನೂ ಸರಿಯಾಗಿ ತೊಳೆಯದೆ ಬಾಡಿಗೆ ಬೈಕು ಹತ್ತಿದೆ.

ಬುನಗಾನಾ ಗಡಿಯಲ್ಲಿ ಎಂದಿನಂತೆ ಲಾರಿಗಳು ನಿಂತಿದ್ದವು, ಚಪಾತಿ ಮಾರುವವನು ಮೊಟ್ಟೆ ಒಡೆಯುತ್ತಿದ್ದ. ಇದೆಲ್ಲ ನೋಡಿ ನಾನೇ ಹುಚ್ಚಿಯಿರಬೇಕು ಎಂದೂ ಅನ್ನಿಸಿತು. ದಿನದ ಚೀಟಿ ಬರೆಯುವ ಅಧಿಕಾರಿ ನನ್ನನ್ನು ಬಲ್ಲವನು. ಗಂಡ ಬೆಳಗ್ಗೆ ಬಿಳಿ ಹೆಂಗಸಿನ ಜೊತೆ ಹೋದ, ಈಗ ಹೆಂಡತಿ ಹಿಂದೆಯೇ ಹೊರಟಳು ಎಂದು ಪಕ್ಕದವನಿಗೆ ಹೇಳಿ ನಕ್ಕ. ಆಡು ಮರಿ ಹಾಕಿತು, ಅದಕ್ಕೇ ಹೋಗುತ್ತಿದ್ದೇನೆ ಎಂದು ಅವನಿಗೆ ಹೇಗೆ ಹೇಳಲಿ? ಅಕ್ಕನಿಗೆ ಹುಷಾರಿಲ್ಲ ಅಂದೆ. ಚೀಟಿ ಕೊಟ್ಟ.

ಆಚೆಯ ಬೈಕಿನವನು ಗುಡ್ಡದ ಕೆಳಗಿನವರೆಗೆ ಮಾತ್ರ ಬರುತ್ತೇನೆ, ಅಲ್ಲಿ ನಿಲ್ಲುವುದಿಲ್ಲ ಅಂದ. ಯಾಕೆ ಎಂದು ಕೇಳಿದೆ. ಸುಮ್ಮನೆ, ಅಂದ. ದಾರಿಯುದ್ದಕ್ಕೂ ಅಂಗಳಗಳಲ್ಲಿ ಒಂದು ಕೋಳಿಯೂ ಇರಲಿಲ್ಲ. ಮನೆಗಳ ಬಾಗಿಲು ಮುಚ್ಚಿದ್ದವು. ಜನ ಎಲ್ಲಿ ಎಂದು ನೋಡಿದರೆ ಎಲ್ಲರೂ ಹೊಲದಲ್ಲಿದ್ದರು, ಮುದುಕರೂ ಮಕ್ಕಳೂ ಸೇರಿ ಬಗ್ಗಿಕೊಂಡು ಆಲೂಗಡ್ಡೆ ಅಗೆಯುತ್ತಿದ್ದರು. ಗಿಡ ಇನ್ನೂ ಹಸಿರಾಗಿತ್ತು, ಕೆಲವು ಕಡೆ ಹೂವೇ ಉದುರಿರಲಿಲ್ಲ. ಗೋಲಿಯಷ್ಟು ಗೆಡ್ಡೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಬೈಕಿನ ಸದ್ದಿಗೆ ಒಬ್ಬರೂ ತಲೆ ಎತ್ತಲಿಲ್ಲ. ಆಗ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ನಾನು ನನ್ನ ಗಂಡನನ್ನು ಸಾವಿನ ಬಾಯಿಗೆ ಕಳಿಸಿದ್ದೆ, ಶಾಂತವಾಗಿದೆ ಅಂತ ನನ್ನ ಬಾಯಿಂದಲೇ ಹೇಳಿ ಕಳಿಸಿದ್ದೆ.

ಕಬಿಂಡಿ ಗುಡ್ಡದ ಬುಡದಲ್ಲಿ ಅರಣ್ಯ ಕಾವಲುಗಾರರ ಠಾಣೆ, ಅದರ ಪಕ್ಕ ಅತಿಥಿಗಳ ಗುಡಿಸಲು. ಅಲ್ಲಿಂದ ಒಂದು ಕಾಲುದಾರಿ ಮೇಲೆ ಕಾಡಿನವರೆಗೆ ಹೋಗುತ್ತದೆ, ಅದರ ಪಕ್ಕದಲ್ಲಿ ಒಂದರ ಮೇಲೊಂದರಂತೆ ಇಪ್ಪತ್ತೆರಡು ಮನೆ. ಸೆಬಿಕಾರಿಯ ಗಾಡಿ ಠಾಣೆಯ ಮುಂದೆಯೇ ನಿಂತಿತ್ತು. ಅವನು ಸೀಟು ಹಿಂದಕ್ಕೆ ಚಾಚಿ, ಟೋಪಿ ಮುಖದ ಮೇಲಿಟ್ಟು ಮಲಗಿದ್ದ. ಅವನ ಎದೆ ಏರಿಳಿಯುತ್ತಿತ್ತು. ಕಿಟಕಿ ಬಡಿದೆ.

"ಆಡು ಸಾಕಾಗಲಿಲ್ವಾ, ಇಲ್ಲಿಗೇ ಬಂದುಬಿಟ್ಟೆ?" ಅಂದ. ಆಮೇಲೆ ನನ್ನ ಮುಖ ನೋಡಿ ಎದ್ದು ಕೂತ.

ಅವನಿಗೆ ಹೇಳಿದೆ. ಅವನು ನಗಲಿಲ್ಲ, ಅವನೂ ಗಡಿಯವನೇ. ಬೆಳಗ್ಗೆ ಬರುವಾಗ ಕತ್ತಲಿತ್ತು, ಹೊಲ ಕಾಣಲಿಲ್ಲ ಅಂದ. ಲೀವೆ ಏಳು ಗಂಟೆಗೆ ಕಾಡಿಗೆ ಹೋಗಿದ್ದಳು, ಜೊತೆಗೆ ಜಾಡು ಹಿಡಿಯುವವರು ಇಬ್ಬರು, ಬಂದೂಕಿನವರು ನಾಲ್ವರು. ಉಳಿದ ಕಾವಲುಗಾರರು ಠಾಣೆಯ ಸುತ್ತ ನಿಂತಿದ್ದರು. ಅವರ ಮುಖ್ಯಸ್ಥ ಬಹಾತಿಯ ಹತ್ತಿರ ಹೋಗಿ, ಅತಿಥಿಯನ್ನು ಈಗಲೇ ಕೆಳಗಿಳಿಸಿ ಎಂದು ಬೇಡಿಕೊಂಡೆ. ಅವನು ಯಾಕೆ ಎಂದು ಕೇಳಲೇ ಇಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ನೆಲ ನೋಡುತ್ತ ವೈರ್‌ಲೆಸ್ಸಿನಲ್ಲಿ ನಾಲ್ಕು ಮಾತಾಡಿ, ಅವರು ಈಗ ತಾನೇ ಗೊರಿಲ್ಲಾಗಳ ಹತ್ತಿರ ಮುಟ್ಟಿದ್ದಾರೆ, ಇಳಿಯಲು ಮಧ್ಯಾಹ್ನವಾಗುತ್ತದೆ ಅಂದ.

ಗುಡಿಸಲಿನ ಹಿಂದೆ ಅಕ್ಕ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಆಡುಗಳನ್ನ ಯಾಕೆ ಮಾರಿದ್ರಿ ಅಕ್ಕ?" ಅಂದೆ.

"ಓಡುವಾಗ ಆಡು ಹಿಡ್ಕೊಂಡು ಓಡೋಕಾಗುತ್ತಾ?"

"ಶಾಂತವಾಗಿದೆ ಅಂದ್ಯಲ್ಲ ನನಗೆ."

"ಅಂದೆ." ಅವಳು ಕೈ ಒರೆಸಿಕೊಂಡು ಎದ್ದು ನಿಂತಳು. "ಬಂಡುಕೋರರು ಬುಧವಾರವೇ ಆ ಪಕ್ಕದ ಗುಡ್ಡಕ್ಕೆ ಬಂದು ಕೂತಿದಾರೆ. ಅತಿಥಿ ಇಲ್ದೇ ಇದ್ರೆ ಇಲ್ಲಿ ನಾಲ್ಕು ಬಂದೂಕು ಇರುತ್ತೆ. ಅತಿಥಿ ಬಂದ್ರೆ ಇಪ್ಪತ್ತು. ಆ ಬಿಳಿ ಹೆಂಗಸಿಗೆ ಒಂದು ಗೀರು ಬಿದ್ರೂ ಲೋಕವೆಲ್ಲ ಎದ್ದು ಬರುತ್ತೆ ಅಂತ ಅವರಿಗೂ ಗೊತ್ತು. ಆಕೆ ಇರೋವರೆಗೆ ಈ ಗುಡ್ಡದ ತಂಟೆಗೆ ಬರಲ್ಲ. ನಮಗೆ ಎರಡು ದಿನ ಸಾಕಾಗಿತ್ತು ಪೆರಾಜಿಯಾ. ಆಲೂಗಡ್ಡೆ ಅಗೆದು ಹೊತ್ಕೊಂಡು ಬರ್ತಿದ್ವಿ. ಬರಿಗೈಲಿ ಬಂದ್ರೆ ನಿಮ್ಮ ಕಡೆ ಶಿಬಿರದಲ್ಲಿ ಏನು ತಿನ್ನೋದು? ಹೋದ ಸಲ ಏನಾಯ್ತು ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಹೋದ ಸಲ ಶಿಬಿರದಲ್ಲಿ ಅವಳ ಕೊನೆಯ ಮಗು ಹೋಗಿತ್ತು. ಆದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಟೋಪಿಯ ಕೆಳಗೆ ಮಲಗಿದ್ದ ಆ ಮುಖ ಒಂದೇ.

"ನನ್ನ ಗಂಡನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ಯಾ?"

"ಸೇರಿಸಿಕೊಂಡಿದ್ದೆ. ನಿನ್ನ ಗಂಡ ಒಬ್ಬ. ಇಲ್ಲಿ ಇಪ್ಪತ್ತೆರಡು ಮನೆ."

ಅವಳಿಗೆ ಹೊಡೆಯಬೇಕೆನಿಸಿತು. ಅವಳ ಕಾಲು ಹಿಡಿಯಬೇಕೆಂದೂ ಅನ್ನಿಸಿತು. ಎರಡೂ ಮಾಡದೆ ಗಾಡಿಯ ಹತ್ತಿರ ಬಂದು ಕೂತೆ. ಮೂರು ಗಂಟೆ ಹೊತ್ತು ಕಾದೆವು. ಎದುರಿನ ಗುಡ್ಡದಲ್ಲಿ ಒಂದು ಕೊಂಬೆ ಅಲ್ಲಾಡಿದರೂ ಎದ್ದು ನಿಲ್ಲುತ್ತಿದ್ದೆ. ಎಲ್ಲೋ ಯಾರೋ ಸೌದೆ ಒಡೆದರು, ನಾನು ಗಾಡಿಯ ಕೆಳಗೆ ನುಗ್ಗಿದೆ. ಸೆಬಿಕಾರಿ ನನ್ನನ್ನು ಎಬ್ಬಿಸಿ ಮಣ್ಣು ಕೊಡವಿದ, ಛೇಡಿಸಲಿಲ್ಲ.

ಹನ್ನೆರಡೂವರೆಗೆ ಲೀವೆ ಕೋಲೂರಿಕೊಂಡು ಇಳಿದು ಬಂದಳು. ಮೈಯೆಲ್ಲ ಕೆಸರು, ಗೊರಿಲ್ಲಾಗಳಿಗೆ ಸೋಂಕು ತಗಲದಂತೆ ಹಾಕಿದ್ದ ಮಾಸ್ಕು ಕುತ್ತಿಗೆಗೆ ಇಳಿದಿತ್ತು, ಕಣ್ಣಲ್ಲಿ ನೀರು. ತಾಯಿ ಗೊರಿಲ್ಲಾ ಬೆನ್ನಿನ ಮೇಲಿನ ಮರಿಯನ್ನು ಎದೆಗೆ ಎಳೆದುಕೊಂಡು ಆಕೆಯ ಎದುರಿಗೇ ಕೂತು ಸೊಪ್ಪು ತಿಂದಿತಂತೆ. ದೊಡ್ಡ ಗಂಡು ಒಮ್ಮೆ ಆಕೆಯನ್ನು ನೋಡಿ ಆಕಳಿಸಿತಂತೆ. ನನ್ನ ಎರಡೂ ಕೈ ಹಿಡಿದು, ನೀವು ಹೇಳಿದ್ದು ಸರಿ, ಇಲ್ಲಿಗೇ ಬರಬೇಕಿತ್ತು ಅಂದಳು. ನಾನು ಯಾಕೆ ಅಲ್ಲಿದ್ದೇನೆ ಎಂದು ಕೇಳಲೂ ಆಕೆಗೆ ತೋಚಲಿಲ್ಲ.

ಅಕ್ಕ ಗುಡಿಸಲಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಲೀವೆಗೆಂದು ಹಾಸಿದ್ದ ಹಾಸಿಗೆ ಅವಳ ಹಿಂದೆ ಕಾಣುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ನಾನು ಲೀವೆಗೆ ಹೇಳಬಹುದಿತ್ತು. ನೀವು ನಾಳೆಯವರೆಗೆ ಇಲ್ಲಿದ್ದರೆ ಈ ಗುಡ್ಡದ ಜನ ಬದುಕುತ್ತಾರೆ ಎಂದು ಹೇಳಿದ್ದರೆ, ಆ ಹೆಂಗಸು ಇರುತ್ತೇನೆ ಅಂದುಬಿಡುತ್ತಿದ್ದಳು. ಎರಡು ದಿನ ಅವಳನ್ನು ನೋಡಿದ್ದ ನನಗೆ ಅದು ಖಾತ್ರಿಯಿತ್ತು. ಅವಳು ಇದ್ದರೆ ಸೆಬಿಕಾರಿಯೂ ಇರಬೇಕು. ಅದಕ್ಕೇ ಹೇಳಲಿಲ್ಲ. ಇಲ್ಲಿ ಗಲಾಟೆಯಾಗಬಹುದು, ಈಗಲೇ ಹೊರಡಬೇಕು ಎಂದಷ್ಟೇ ಹೇಳಿದೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಇದಕ್ಕೆ ಬೇರೆ ಹೆಸರಿಟ್ಟು ಚೆಂದ ಮಾಡಲಾರೆ.

ಲೀವೆ ಬಿಳಿಚಿಕೊಂಡು ಗಾಡಿ ಹತ್ತಿದಳು. ಸೆಬಿಕಾರಿ ಗಾಡಿ ಶುರು ಮಾಡಿದ್ದೇ ತಡ, ಬಹಾತಿ ಶಿಳ್ಳೆ ಹಾಕಿದ. ಹದಿನಾರು ಕಾವಲುಗಾರರು ಬಂದೂಕು ಸಮೇತ ತಮ್ಮ ಟ್ರಕ್ಕು ಏರಿದರು. ಅತಿಥಿಯನ್ನು ಗಡಿ ಮುಟ್ಟಿಸುವುದು ಅವರ ನಿಯಮ. ಠಾಣೆಯ ಬಾಗಿಲಲ್ಲಿ ನಾಲ್ವರು ಉಳಿದರು.

ಅಕ್ಕ ಓಡಿ ಹೋಗಿ ಮಕ್ಕಳಿಬ್ಬರನ್ನೂ ಅತ್ತೆಯನ್ನೂ ಕರೆತಂದಳು. ಮುದುಕಿಯನ್ನು ಎತ್ತಿ ಸೀಟಿನ ಮೇಲಿಟ್ಟು, ಮಕ್ಕಳನ್ನು ಲೀವೆಯ ಪಕ್ಕಕ್ಕೆ ತಳ್ಳಿ ಬಾಗಿಲು ಹಾಕಿದಳು. ತಾನು ಹತ್ತಲಿಲ್ಲ. ನಾನು ಅವಳ ರಟ್ಟೆ ಹಿಡಿದು ಜಗ್ಗಿದೆ.

"ಜಾಗ ಇದೆ. ಹತ್ತು ಅಕ್ಕ."

"ಅತಿಥಿ ನಾಳೆವರೆಗೂ ಇರ್ತಾಳೆ, ನಿಧಾನವಾಗಿ ಅಗೀರಿ ಅಂತ ಮನೆಮನೆಗೂ ಹೇಳಿದವಳು ನಾನು," ಅಂದಳು. "ನನ್ನ ಮಾತು ನಂಬಿಕೊಂಡು ಕೆಲವರು ಊಟಕ್ಕೆ ಮನೆಗೆ ಹೋಗಿದಾರೆ. ಹೋಗಿ ಇಲ್ಲ ಅಂತ ಹೇಳ್ಬೇಕಲ್ಲ. ಹೇಳಿ ಬರ್ತೀನಿ. ಕಟ್ಟೆ ಹತ್ರ ನಿಂತಿರು."

ಕೈ ಬಿಡಿಸಿಕೊಂಡು ಕಾಲುದಾರಿ ಹಿಡಿದು ಏರತೊಡಗಿದಳು. ಮೊದಲನೆಯ ಮನೆಯ ಬಾಗಿಲು ಬಡಿಯುವ ಸದ್ದು ನನಗೆ ಕೇಳಿಸಿತು. ಗಾಡಿ ಹೊರಟಿತು.

ದಾರಿಯುದ್ದಕ್ಕೂ ಮುದುಕಿ ಜಪಮಣಿ ಎಣಿಸುತ್ತ ಗೊಣಗುತ್ತಿದ್ದಳು. ಗಡಿ ದಾಟಿ ನಮ್ಮ ಕಡೆಯ ಕಟ್ಟೆಯ ಹತ್ತಿರ ಇಳಿದಾಗ ಎರಡು ಗಂಟೆ. ಸೆಬಿಕಾರಿ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಹಣೆ ಅದಕ್ಕೆ ಒರಗಿಸಿದ. ಅವನು ಬದುಕಿದ್ದ. ನಾನು ದೇವರಿಗೆ ಕೈ ಮುಗಿದೆ, ಮುಗಿಯುತ್ತಿರುವಾಗಲೇ ನಾಚಿಕೆಯಾಯಿತು.

ಎರಡೂವರೆಗೆ ಕಬಿಂಡಿಯ ದಿಕ್ಕಿನಿಂದ ಮೊದಲ ಗುಂಡಿನ ಸದ್ದು ಬಂತು. ಆಮೇಲೆ ಬಿಡುವಿಲ್ಲದೆ ಬಂತು. ಚಪಾತಿಯವನು ಒಲೆ ಆರಿಸಿ ಅಂಗಡಿ ಮುಚ್ಚಿದ. ಲೀವೆ ನನ್ನ ಹತ್ತಿರ ಬಂದು, ಶಾಂತವಾಗಿದೆ ಅಂದಿದ್ದಿರಲ್ಲ ಎಂದು ಮೆಲ್ಲಗೆ ಕೇಳಿದಳು. ಬೈಯುವ ದನಿಯಲ್ಲ, ತಿಳಿಯದೆ ಕೇಳುವ ದನಿ. ಹೌದು, ಅಂದಿದ್ದೆ ಅಂದೆ. ನಾನು ಉಳಿದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. ನಾನು ಆಚೆಯ ರಸ್ತೆಯ ಕಡೆ ತಿರುಗಿ ನಿಂತೆ.

ನಾಲ್ಕು ಗಂಟೆಯ ಹೊತ್ತಿಗೆ ಹಾಸಿಗೆಗಳು ಬಂದವು. ತಲೆಯ ಮೇಲೆ ಹಾಸಿಗೆ, ಬೆನ್ನಿಗೆ ಮಗು, ಕೈಯಲ್ಲಿ ಅರ್ಧ ತುಂಬಿದ ಆಲೂಗಡ್ಡೆ ಚೀಲ. ಕಬಿಂಡಿಯವರ ಮುಖ ಒಂದೊಂದೂ ನನಗೆ ಪರಿಚಯ, ಅಕ್ಕನ ಮದುವೆಯಲ್ಲಿ ಎಲ್ಲರ ಮನೆಯಲ್ಲೂ ಉಂಡಿದ್ದೇನೆ. ಬಂದ ಪ್ರತಿಯೊಬ್ಬರನ್ನೂ ತಡೆದು ಅಕ್ಕ ಎಲ್ಲಿ ಎಂದು ಕೇಳಿದೆ. ಕೆಳಗಿನ ಮನೆಯ ನ್ಜಬೊನಿಂಪಾ, ಬಾಗಿಲು ಬಡಿದು ಹೇಳಿದಳು, ಮೇಲಕ್ಕೆ ಹೋದಳು ಅಂದ. ಐದನೆಯ ಮನೆಯವಳೂ ಅದನ್ನೇ ಹೇಳಿದಳು. ಹತ್ತನೆಯವರು, ಹದಿನಾಲ್ಕನೆಯವರು, ಎಲ್ಲರೂ. ಬಾಗಿಲು ಬಡಿದಳು, ಮೇಲಕ್ಕೆ ಹೋದಳು. ಒಬ್ಬಳು ನನ್ನ ಕೆನ್ನೆ ಸವರಿ, ನಿನ್ನ ಅಕ್ಕನಿಂದ ನಾವು ಉಳಿದೆವು ಅಂದಳು. ನನಗೆ ಸ್ವಲ್ಪ ಧೈರ್ಯ ಬಂತು. ಎಲ್ಲರಿಗೂ ಹೇಳಿ ಎಲ್ಲರ ಹಿಂದೆ ಬರುತ್ತಿರಬೇಕು, ಅವಳ ಸ್ವಭಾವವೇ ಅದು ಎಂದುಕೊಂಡೆ. ಹಾಗೆಂದು ಮಕ್ಕಳಿಗೂ ಹೇಳಿದೆ.

ಇಪ್ಪತ್ತೊಂದನೆಯ ಮನೆಯ ಹೆಂಗಸು ಹಾಸಿಗೆ ಇಳಿಸಿ ಏದುಸಿರು ಬಿಡುತ್ತ ನಿಂತಳು. ಅಕ್ಕ ಅವರ ಮನೆಯೊಳಗೆ ಬಂದು ನೀರು ಕೇಳಿ ಕುಡಿದಳಂತೆ. ಇನ್ನೊಂದೇ ಮನೆ, ಹೇಳಿ ಇಳಿದು ಬರ್ತೀನಿ, ನೀವು ನಡೀರಿ ಅಂದಳಂತೆ.

ಕೊನೆಯ ಮನೆ ಕಾಡಿನ ಅಂಚಿನದು, ಜೇನು ಸಾಕುವ ಮುದುಕ ಸೆಮಿವುಂಬಿಯದು. ಅವನೂ ಅವನ ಹೆಂಡತಿಯೂ ಕತ್ತಲಾಗುವ ಮುಂಚೆ ಬಂದರು. ತಲೆಯ ಮೇಲೆ ಏನೂ ಇರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಅವರ ಹಿಂದೆ ರಸ್ತೆ ಖಾಲಿಯಿತ್ತು.

"ಅಕ್ಕ ನಿಮ್ಮ ಮನೆ ಬಾಗಿಲು ಬಡಿದ್ಲಾ ತಾತ?" ಎಂದು ಕೇಳಿದೆ.

"ನಮ್ಮ ಮನೆ ಬಾಗಿಲನ್ನ ಯಾರೂ ಬಡೀಲಿಲ್ಲಮ್ಮ," ಅಂದ. "ಅಂಗಳದ ಕೆಳಗೇ ಗುಂಡು ಹಾರಿದ್ದು ಕೇಳಿ ಹಿತ್ತಿಲಿಂದ ಓಡಿ ಬಂದ್ವಿ."

ಅಕ್ಕನ ದೊಡ್ಡ ಮಗಳು ನನ್ನ ಬಟ್ಟೆಯ ತುದಿ ಹಿಡಿದು ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡಳು.